ಹಗ್ಗ ಹರಿದಿರಲಿಲ್ಲ

ಮಾರಿಕಣಿವೆ ಜಲಾಶಯದಲ್ಲಿ ನೀರಾವರಿ ಇಲಾಖೆಯ ದೋಣಿ ನಡೆಸುತ್ತಿದ್ದ ಆ ಮುದುಕ ಗಂಟು ಹಾಕುತ್ತಿದ್ದನೇ ಹೊರತು ಯಾವತ್ತೂ ಗಂಟು ಬಿಚ್ಚಿದವನಲ್ಲ. ನಾನು ಅಲ್ಲಿಯ ಶಾಲೆಗೆ ಮೇಷ್ಟ್ರಾಗಿ ಹೋದ ಮೊದಲ ವಾರವೇ ಇದನ್ನು ಗಮನಿಸಿದ್ದೆ. ಸಂಜೆ ದೋಣಿಯನ್ನು ದಡಕ್ಕೆ ತಂದು, ಕಲ್ಲುಗೂಟಕ್ಕೆ ಹಗ್ಗ ಸುತ್ತಿ, ಎರಡು ಬೆರಳಲ್ಲಿ ಏನೋ ತಿರುವಿ ಎಳೆದನೆಂದರೆ ಮುಗಿಯಿತು, ಜೋಡೆತ್ತು ಕಟ್ಟಿ ಎಳೆಸಿದರೂ ಅದು ಜಗ್ಗುತ್ತಿರಲಿಲ್ಲ. ಬೆಳಿಗ್ಗೆ ಮಾತ್ರ ಗೂಟದ ಪಕ್ಕ ಬೀಡಿ ಹಚ್ಚಿಕೊಂಡು ಕೂತುಬಿಡುತ್ತಿದ್ದ. ನೀರಿನ ಮಟ್ಟ ಬರೆದುಕೊಳ್ಳುವ ಗುಮಾಸ್ತನೋ, ಮೀನು ಹಿಡಿಯುವವರೋ, ಯಾರಾದರೊಬ್ಬರು ಬಂದು ಬಿಚ್ಚಬೇಕು.

"ಏನಜ್ಜ, ಹಾಕೋ ಕೈಗೆ ಬಿಚ್ಚಾಕೆ ಬರಲ್ವಾ?" ಎಂದು ಯಾರಾದರೂ ಕೇಳಿದರೆ, "ವಯಸ್ಸಾತಲ್ಲಪ್ಪ, ಬೆರಳಾಗೆ ಶಕ್ತಿ ಇಲ್ಲ" ಅನ್ನುತ್ತಿದ್ದ. ಶುದ್ಧ ಸುಳ್ಳು. ಬರಿಗೈಯಲ್ಲಿ ತೆಂಗಿನಕಾಯಿ ಸುಲಿಯುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಈ ಕಡೆ ನನ್ನನ್ನು ಒಳ್ಳೆಯ ಮೇಷ್ಟ್ರು ಅನ್ನುತ್ತಾರೆ. ನಿವೃತ್ತನಾದ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಒಬ್ಬರು ಮೈಕಿನ ಮುಂದೆ ನಿಂತು "ಮಕ್ಕಳಿಗೆ ಸತ್ಯ ಹೇಳುವುದನ್ನು ಕಲಿಸಿದವರು" ಅಂತ ಭಾಷಣ ಬಿಗಿದರು. ನಾನು ತಲೆ ತಗ್ಗಿಸಿ ಕೂತೆ. ಅದನ್ನವರು ವಿನಯ ಅಂದುಕೊಂಡರು. ಅಂದುಕೊಳ್ಳಲಿ, ಅವರ ತಪ್ಪೇನು. ಆ ಹೊತ್ತಿನಲ್ಲಿ ನನ್ನ ಕಣ್ಣ ಮುಂದೆ ಇದ್ದವನು ಈ ಮುದುಕ. ಅವನು ಸತ್ತು ಎಷ್ಟೋ ವರ್ಷವಾಗಿತ್ತು.

ಅವನ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಅವನ ಹೆಸರಿಗೆ ನಾನು ಮಾಡಿದ್ದೇ ಸಾಕು. ಊರವರು ಅವನನ್ನು ಹಡಗಜ್ಜ ಅನ್ನುತ್ತಿದ್ದರು, ಬಹುಪಾಲು ತಮಾಷೆಗೆ. ಎಪ್ಪತ್ತರ ದಶಕದ ಆರಂಭದ ಮಾತಿದು. ಕಣಿವೆಯ ಸುತ್ತಮುತ್ತ ಸಮುದ್ರ ನೋಡಿದವರು ಬೆರಳೆಣಿಕೆಯ ಜನ ಇದ್ದಿರಬೇಕು. ಧರ್ಮಪುರದ ಕಡೆಯ ಒಣನೆಲದಲ್ಲಿ ಕುರಿ ಕಾಯುತ್ತಿದ್ದವನೊಬ್ಬ ಹಾಯಿಹಡಗು ಹತ್ತಿ ಬಸ್ರಾಕ್ಕೂ ಜಂಜಿಬಾರಿಗೂ ಹೋಗಿ ಬಂದೆ ಅಂದರೆ ಯಾರು ನಂಬುತ್ತಾರೆ? ಟೀ ಅಂಗಡಿಯಲ್ಲಿ ಅವನು ಕಾಣಿಸಿಕೊಂಡರೆ ಸಾಕು, "ಏನ್ ಹಡಗಜ್ಜ, ಇವತ್ತು ಬಸ್ರಾಕೆ ಹೋಗಾಣ?" ಅಂತ ಶುರು ಮಾಡುತ್ತಿದ್ದರು. ಅವನು ಗಾಳಿಗೆ ಮುಖ ಕೊಟ್ಟು, ಎಲ್ಲವನ್ನೂ ಗಂಭೀರವಾಗಿ ಅಳೆದು, "ಇವತ್ತು ಬ್ಯಾಡ. ಗಾಳಿ ಅಡ್ಡ ಐತೆ" ಎಂದು ಟೀ ಕುಡಿಯುತ್ತಿದ್ದ. ನಗುವವರಿಗೆ ಅವನೂ ತಮಾಷೆ ಮಾಡುತ್ತಿದ್ದಾನೋ ನಿಜವನ್ನೇ ಹೇಳುತ್ತಿದ್ದಾನೋ ಗೊತ್ತಾಗುತ್ತಿರಲಿಲ್ಲ.

ಇನ್ನೊಂದು ವಿಚಿತ್ರ ಅವನಲ್ಲಿತ್ತು. ಕುರುಬರ ಪೈಕಿ ಹುಟ್ಟಿದವನು, ಕುರಿಮಾಂಸ ಮುಟ್ಟುತ್ತಿರಲಿಲ್ಲ. ಹಬ್ಬದ ದಿನ ಯಾರ ಮನೆಗೆ ಕರೆದರೂ ಮುದ್ದೆಗೆ ಮಜ್ಜಿಗೆ ಹಾಕಿಸಿಕೊಂಡು ಎದ್ದುಬಿಡುತ್ತಿದ್ದ. "ಏನಜ್ಜ, ಮಠಕ್ಕೋಗಿ ಲಿಂಗ ಕಟ್ಟಿಸ್ಕಂಡು ಬಂದ್ಯಾ?" ಎಂದು ನಾನೇ ಒಮ್ಮೆ ಕೆಣಕಿದೆ. ನಮ್ಮದು ಹೊಳಲ್ಕೆರೆಯಲ್ಲಿ ಅಂಗಡಿ ಇಟ್ಟುಕೊಂಡಿದ್ದ ಲಿಂಗವಂತರ ಮನೆ, ನನಗೆ ಆ ಸಲಿಗೆ ಇತ್ತು. ಅವನು ನನ್ನ ಎದೆಯ ಮೇಲಿನ ಲಿಂಗದ ಕರಡಿಗೆ ನೋಡಿ, "ಕಟ್ಟಿಸ್ಕಂಡೋರೆಲ್ಲ ಬಿಟ್ಟವ್ರಾ ಮೇಷ್ಟ್ರೇ?" ಅಂದ. ಆ ಕಾಲದಲ್ಲಿ ನಾನು ಹಿರಿಯೂರಿನ ಮಿಲಿಟರಿ ಹೋಟೆಲಿಗೆ ಕದ್ದು ಹೋಗುತ್ತಿದ್ದದ್ದು ಅವನಿಗೆ ಹೇಗೆ ಗೊತ್ತಾಗಿತ್ತೋ ಏನೋ.

ಭಾನುವಾರ ಬೆಳಿಗ್ಗೆ ನನಗೆ ಬೇರೆ ಕೆಲಸವಿರುತ್ತಿರಲಿಲ್ಲ. ಬರೆಯುವ ಹುಚ್ಚಿತ್ತು. ಚಿತ್ರದುರ್ಗದಿಂದ ಬರುತ್ತಿದ್ದ ಒಂದು ವಾರಪತ್ರಿಕೆಯಲ್ಲಿ ನನ್ನ ಎರಡು ಲೇಖನ ಅಚ್ಚಾಗಿದ್ದವು, ಆ ಎರಡೂ ಸಂಚಿಕೆಗಳನ್ನು ಟ್ರಂಕಿನಲ್ಲಿ ಬಟ್ಟೆಯ ಅಡಿ ಇಟ್ಟಿದ್ದೆ. ಸಮುದ್ರಯಾನದ ಕಥೆ ಸಿಕ್ಕರೆ ಬಿಡುತ್ತೇನೆಯೇ. ದೋಣಿ ಬಿಚ್ಚುವ ನೆಪದಲ್ಲಿ ಹೋಗಿ ಕೂರುತ್ತಿದ್ದೆ. ನಾನು ಬಿಚ್ಚುವುದು, ಅವನು ಹುಟ್ಟು ಹಾಕುವುದು, ನಡುನೀರಿಗೆ ಹೋದ ಮೇಲೆ ಮಾತು. ಎರಡು ಗುಡ್ಡಗಳ ನಡುವೆ ನಿಂತ ಆ ನೀರನ್ನು ಬಂದ ಅಧಿಕಾರಿಗಳೆಲ್ಲ ಸಮುದ್ರ ಇದ್ದಂಗಿದೆ ಅನ್ನುತ್ತಿದ್ದರು. ಅವನು ಒಂದು ಸಲವೂ ಹಾಗೆ ಅಂದವನಲ್ಲ.

ಅವನು ಹೇಳಿದ್ದು ಇಷ್ಟು. ಎರಡನೆಯ ಮಹಾಯುದ್ಧದ ಕಾಲ. ಉಗಿಹಡಗುಗಳನ್ನೆಲ್ಲ ಸರ್ಕಾರ ಯುದ್ಧಕ್ಕೆ ಹಿಡಿದುಕೊಂಡಿತ್ತು. ಹಾಗಾಗಿ ಮೂಲೆಗೆ ಬಿದ್ದಿದ್ದ ಹಾಯಿಹಡಗುಗಳಿಗೆ ಮತ್ತೆ ಜೀವ ಬಂದಿತ್ತು. ಬಸ್ರಾದಲ್ಲಿದ್ದ ಸಿಪಾಯಿಗಳ ಊಟಕ್ಕೆ ಕುರಿ ಬೇಕಾಗಿ, ಗುತ್ತಿಗೆದಾರನೊಬ್ಬ ಹಿರಿಯೂರು ಸಂತೆಯಲ್ಲಿ ಎಂಬತ್ತು ಕುರಿ ಕೊಂಡ. ಅವುಗಳನ್ನು ನಡೆಸಿಕೊಂಡು ಘಟ್ಟ ಇಳಿಸಿ ಮಂಗಳೂರು ಮುಟ್ಟಿಸುವುದಕ್ಕೆ ಇಬ್ಬರನ್ನು ಗೊತ್ತು ಮಾಡಿದ. ಒಬ್ಬ ಇವನು. ಇನ್ನೊಬ್ಬ ಮತ್ತೋಡಿನ ಕಡೆಯವನು, ಇವನ ಜೊತೆಗಾರ, ಮದುವೆಯಾಗಿ ಎರಡು ವರ್ಷವಾಗಿತ್ತು. ಇಬ್ಬರೂ ಮಂಗಳೂರಿನಿಂದ ವಾಪಸು ಬರಬೇಕಾದವರು. ಆದರೆ ಬಂದರಿನಲ್ಲಿ ಕುರಿಗಳು ಹಲಗೆ ಹತ್ತಲಿಲ್ಲ, ಹೊಸಬರ ಕೈಯಿಂದ ನೀರು ಕುಡಿಯಲಿಲ್ಲ. ಹಡಗು ನಡೆಸುವ ತಂಡೇಲ ಬ್ಯಾರಿಗಳ ಪೈಕಿ ಮುದುಕ. "ಇವರಿಬ್ಬರು ಬಂದರೆ ಕುರಿ ಬರ್ತಾವೆ, ಇಲ್ಲದಿದ್ದರೆ ಬರೀ ಚರ್ಮ ತಲುಪ್ತದೆ" ಅಂದನಂತೆ. ಹೀಗೆ ಇಬ್ಬರೂ ಹಡಗು ಹತ್ತಿದರು. ಕೆಳಗೆ ಹೆಂಚು, ಮೇಲೆ ಕುರಿ, ಕುರಿಯ ನಡುವೆ ಕಂಬಳಿ ಹೊದ್ದ ಈ ಇಬ್ಬರು.

"ಮತ್ತೋಡಿನೋನು ಮೊದಲ್ನೇ ದಿನ ಕೈ ಅಡ್ಡ ಇಟ್ಕಂಡು ನೋಡ್ದ ನೋಡ್ದ, ಆಮೇಲೆ ತಂಡೇಲನ್ ಕೇಳ್ದ, ಆಕಡೆ ಏರಿ ಎಲ್ಲೈತೆ ಸಾಬ್ರೇ ಅಂತ."

"ಏನಂದ ತಂಡೇಲ?"

"ಅರಬ್ರ ದೇಶದಾಗೈತೆ ಅಂದ. ಇವ್ನು, ಅಬ್ಬಾ ಎಂಥಾ ಕೆರೆ ಕಟ್ಸವ್ನೆ ಪುಣ್ಯಾತ್ಮ, ಅಂದ." ಅಜ್ಜ ಇದನ್ನು ಹೇಳುವಾಗೆಲ್ಲ ನಗುತ್ತಿದ್ದ. ನಕ್ಕಾದ ಮೇಲೆ ಸ್ವಲ್ಪ ಹೊತ್ತು ಹುಟ್ಟು ಹಾಕುತ್ತಿರಲಿಲ್ಲ.

ಎಂಟು ದಿನ ಗಾಳಿ ಸರಿಯಾಗಿ ಬೀಸಿತಂತೆ. ಈ ಇಬ್ಬರೂ ವಾಂತಿ ಮಾಡಿಕೊಂಡು, ಕುರಿಗಳ ಮಧ್ಯೆ ಬಿದ್ದುಕೊಂಡು, ಹೇಗೋ ಸುಧಾರಿಸಿಕೊಂಡರು. ಹಾಯಿ ಒಂದು ಕಡೆ ಹರಿದಾಗ ಕಂಬಳಿ ಹೊಲಿಯುವ ದಬ್ಬಣ ತೆಗೆದು ಇವನು ಹೊಲಿದು ಕೊಟ್ಟ. ತಂಡೇಲ ಆ ಹೊಲಿಗೆಯನ್ನು ಬೆರಳಲ್ಲಿ ಸವರಿ ನೋಡಿ, ಹಗ್ಗದ ಕೆಲಸವನ್ನೂ ಕಲಿಸಿದ. ಆಮೇಲೆ ಗಾಳಿ ನಿಂತುಹೋಯಿತು. ಹನ್ನೊಂದು ದಿನ ಹಾಯಿ ಅಲುಗಲಿಲ್ಲ. ನೀರು ನಮ್ಮ ಗೋಕಟ್ಟೆಯ ನೀರಿನ ಹಾಗೆ ಸುಮ್ಮನೆ ನಿಂತಿತ್ತು ಅಂದ. ಕುಡಿಯುವ ನೀರು ಆಳಿಗೊಂದು ಚೊಂಬಿಗೆ ಇಳಿಯಿತು. ಹಡಗಿನ ಖಲಾಸಿಗಳ ಕಣ್ಣು ಕುರಿಗಳ ನೀರಿನ ಬಾನಿಯ ಮೇಲೆ ಬಿತ್ತು. ಕುರಿಗಳನ್ನು ಸಮುದ್ರಕ್ಕೆ ತಳ್ಳಿ ನೀರು ಉಳಿಸಿಕೊಳ್ಳೋಣ ಅಂತ ಎದ್ದು ಬಂದರು. ಮತ್ತೋಡಿನವನು ಮಂದೆಯ ಮುಂದೆ ನಡೆಯುವ ಟಗರಿನ ಕೊರಳು ತಬ್ಬಿಕೊಂಡು ಅಡ್ಡ ಮಲಗಿದ.

"ಮೊದ್ಲು ನನ್ನ ತಳ್ರಿ, ಆಮೇಲೆ ಇದನ್ನ, ಅಂದ. ಅವನ ಚೊಂಬ್ನಾಗೆ ಅರ್ಧ ದಿನಾ ಆ ಟಗರಿಗೆ ಹಾಕ್ತಿದ್ದ ಮೇಷ್ಟ್ರೇ. ತುಟಿ ಒಡ್ದೋಗಿ ರಕ್ತ ಬರ್ತಿತ್ತು ಅವ್ನಿಗೆ."

"ಆಮೇಲೆ?"

"ಆಮೇಲೆ ಗಾಳಿ ಬಂತು" ಅಂದು ಅಜ್ಜ ದೋಣಿ ತಿರುಗಿಸುತ್ತಿದ್ದ. ಪ್ರತಿ ಭಾನುವಾರವೂ ಕಥೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಅದರಾಚೆ ಬಸ್ರಾದ ಖರ್ಜೂರ, ಜಂಜಿಬಾರಿನ ಲವಂಗದ ವಾಸನೆ, ಆರು ವರ್ಷ ಊರಿಗೆ ಬಾರದೆ ಅದೇ ಹಡಗಿನಲ್ಲಿ ದುಡಿದದ್ದು, ಎಲ್ಲ ಹೇಳುತ್ತಿದ್ದ. ಮತ್ತೋಡಿನವನು ಏನಾದ ಅಂದರೆ "ಗಾಳಿಯಾಗೆ ಹೋದ" ಅನ್ನುವುದು ಬಿಟ್ಟು ಬೇರೆ ಮಾತಿಲ್ಲ. ನನಗೆ ಒಳ್ಳೆಯ ಕಥೆ ಅರ್ಧಕ್ಕೆ ನಿಂತಿತಲ್ಲ ಅನ್ನುವ ಸಂಕಟವಷ್ಟೇ ಇತ್ತು. ನಾಚಿಕೆಯಾಗಬೇಕು.

ಆಷಾಢದ ಒಂದು ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಗಾಳಿ ಎದ್ದಿತು. ಕಣಿವೆಯ ಬಾಯಿಂದ ನುಗ್ಗಿದ ಗಾಳಿಗೆ ನೀರು ಎದ್ದೆದ್ದು ದಡಕ್ಕೆ ಬಡಿಯುತ್ತಿತ್ತು. ಕಟ್ಟಿದ್ದ ದೋಣಿ ಬಂಡೆಗೆ ಅಪ್ಪಳಿಸುವುದು ನನಗೆ ಶಾಲೆಯ ಜಗಲಿಯಿಂದಲೇ ಕಂಡಿತು. ಹಗ್ಗ ಬಿಚ್ಚಿ ಮರಳಿನ ಕಡೆಗೆ ಎಳೆದುಕೊಂಡರೆ ಮುಗಿಯಿತು, ಎರಡು ನಿಮಿಷದ ಕೆಲಸ. ಅಜ್ಜ ಗೂಟದ ಮುಂದೆ ಮೊಣಕಾಲೂರಿ ಗಂಟಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದ. ಬಿಚ್ಚಲಿಲ್ಲ. ನಾನು ಓಡಿ ಹೋದೆ. "ಬಿಚ್ಚಜ್ಜ" ಎಂದು ಕೂಗಿದೆ. ನನ್ನ ಮುಖ ನೋಡಿದ, ಅಷ್ಟೇ. ನಾನು ಬಿಚ್ಚುವಷ್ಟರಲ್ಲಿ ದೋಣಿಯ ಎರಡು ಹಲಗೆ ಬಿರುಕು ಬಿಟ್ಟಿದ್ದವು. ಇಲಾಖೆಯವರು ಬಂದು ಬಾಯಿಗೆ ಬಂದಂತೆ ಬೈದು ಹೋದರು. ಅವರೆಲ್ಲ ಹೋದ ಮೇಲೆ ದೋಣಿಯ ಪಕ್ಕ ಕೂತು ಅಜ್ಜ ಉಳಿದದ್ದನ್ನು ಹೇಳಿದ.

ಗಾಳಿ ಬಂದದ್ದು ಹಾಡುಹಗಲಲ್ಲಿ. ಕುರಿಗಳು ಹಾಯಿಕಂಬದ ಸುತ್ತ ಇದ್ದವು, ಆ ಮುಂದಾಳು ಟಗರನ್ನು ಕಂಬಕ್ಕೆ ಕಟ್ಟಿದ್ದರು. ಮತ್ತೋಡಿನವನು ನೀರಿಲ್ಲದೆ ಬಸವಳಿದು ಕಂಬಳಿಯಡಿ ಮಲಗಿದ್ದ. ಹಡಗು ವಾಲಿದಾಗೆಲ್ಲ ಕುರಿಗಳು ಒಂದರ ಮೇಲೊಂದು ಬಿದ್ದು ತುಳಿದಾಡತೊಡಗಿದವು. ತಂಡೇಲ ಚುಕ್ಕಾಣಿಯ ಹತ್ತಿರದಿಂದ "ಏನನ್ನೂ ಬಿಚ್ಚಬೇಡಿ" ಎಂದು ಕೂಗುತ್ತಿದ್ದ.

"ನಮ್ಮ ಕಡೆ ಗಾಳಿ ಎದ್ರೆ ಟಗರು ಬಿಚ್ತೀವಿ ಮೇಷ್ಟ್ರೇ. ಅದು ಗಾಳಿಗೆ ಬೆನ್ ಕೊಟ್ಟು ನಿಲ್ತೈತೆ. ಮಿಕ್ಕವೆಲ್ಲ ಅದ್ರ ಹಿಂದೆ ತಲೆ ತಗ್ಗಿಸ್ಕಂಡು ನಿಲ್ತವೆ. ಒಂದೂ ಸಾಯಲ್ಲ. ನನ್ ಕೈಗೆ ಅದೊಂದೇ ಗೊತ್ತಿದ್ದಿದ್ದು. ನಾನೇ ಕಟ್ಟಿದ್ ಗಂಟು, ನಾನೇ ಬಿಚ್ಚಿದೆ."

ಟಗರು ಬೆನ್ನು ಕೊಡಲು ತಿರುಗಿತು. ಆದರೆ ಕಾಲಡಿಯ ನೆಲವೇ ತಿರುಗುತ್ತಿತ್ತಲ್ಲ. ಅಲೆ ಬಡಿದು ಹಡಗಿನ ಅಂಚಿನ ಹಲಗೆ ಒಂದು ಆಳು ಅಗಲ ಮುರಿದುಹೋಗಿತ್ತು. ಟಗರು ಆ ಕಂಡಿ ನೋಡಿತು, ಕುರಿ ರೊಪ್ಪದ ಬಾಗಿಲು ಅಂದುಕೊಂಡಿತೋ ಏನೋ, ಹಾರಿತು. ಅದರ ಹಿಂದೆ ಒಂದು, ಅದರ ಹಿಂದೆ ಇನ್ನೊಂದು. ಮತ್ತೋಡಿನವನು ಎದ್ದು ಓಡಿ ಬಂದು, ರೊಪ್ಪದ ಬಾಗಿಲಲ್ಲಿ ನಿಲ್ಲುವ ಹಾಗೆ ಎರಡೂ ಕೈ ಚಾಚಿ ಕಂಡಿಗೆ ಅಡ್ಡ ನಿಂತ. ಕುರಿಗಳು ಅವನನ್ನೂ ತಳ್ಳಿಕೊಂಡು ಹೋದವು.

"ನಾನು ಕುರಿ ಕರ್ಯೋ ಹಂಗೆ ಕರ್ದೆ. ನೀರಾಗಿದ್ದ ಕುರಿ ನನ್ ದನಿ ಕೇಳಿ ಹಡಗಿನ್ ಕಡೀಗೆ ತಿರುಗಿದ್ವು ಮೇಷ್ಟ್ರೇ. ಅಷ್ಟೂ. ತಲೆ ಎತ್ಕಂಡು ಈಜ್ಕಂಡು ಬಂದ್ವು. ಅವ್ನು ತಿರುಗ್ಲಿಲ್ಲ. ಕಂಬಳಿ ಒಂದು ಬೋ ಹೊತ್ತು ತೇಲ್ತಿತ್ತು."

ಆರು ವರ್ಷ ಊರಿಗೆ ಬಾರದೆ ಇದ್ದದ್ದು ಇದಕ್ಕೇ. ಬಂದ ಮೇಲೂ ಮತ್ತೋಡಿನವನ ಹೆಂಡತಿಯ ಮುಂದೆ ನಿಂತು "ಗಾಳಿಯಾಗೆ ಹೋದ ತಾಯಿ" ಅಂದನೇ ಹೊರತು ಟಗರಿನ ವಿಷಯ ಬಾಯಿಂದ ಬರಲಿಲ್ಲ. ವರ್ಷಕ್ಕೊಮ್ಮೆ ಹೊಸ ಕಂಬಳಿ ಕೊಂಡು ಮತ್ತೋಡಿಗೆ ಹೋಗುತ್ತಿದ್ದ, ಆಕೆ ಅಣ್ಣ ಅಂತ ಕರೆದು ಊಟಕ್ಕಿಡುತ್ತಿದ್ದಳು, ಇವನು ಒಂದು ತುತ್ತು ತಿಂದು ಎದ್ದು ಬರುತ್ತಿದ್ದ. ಹೀಗೇ ಹತ್ತಿರ ಹತ್ತಿರ ಇಪ್ಪತ್ತೈದು ವರ್ಷ.

"ನೀವು ಬರ್ಕಳ್ರಿ" ಅಂದ. "ನಾನ್ ಹೇಳ್ದಂಗೇ ಬರ್ಕಂಡು ಆಯಮ್ಮನ ಮುಂದೆ ಓದ್ರಿ. ನನ್ ಬಾಯಾಗೆ ಬರಲ್ಲ. ನಾನು ಪಕ್ಕದಾಗೇ ಕುಂತಿರ್ತೀನಿ. ಬೈಯ್ಯಂಗಿದ್ರೆ ಬೈಲಿ, ಉಗ್ಯಂಗಿದ್ರೆ ಉಗೀಲಿ. ಸಾಯೋದ್ರಾಗೆ ಅದೊಂದು ಆಗ್ಬೇಕು ನಂಗೆ."

ಹದಿನಾರು ಪುಟ ಬರೆದೆ, ಶಾಲೆಯ ಕಾಪಿ ಪುಸ್ತಕದಲ್ಲಿ. ಅವನು ಅದನ್ನು ಓದಿಸಿ ಓದಿಸಿ ಕೇಳಿದ. ಒಂದು ಕಡೆ ನಾನು "ಟಗರು ಬಿಡಿಸಿಕೊಂಡಿತು" ಎಂದು ಬರೆದಿದ್ದೆ. ಅಲ್ಲಿ ತಡೆದ. "ಬಿಡಿಸ್ಕಳ್ಲಿಲ್ಲ. ನಾನ್ ಬಿಚ್ಚಿದೆ ಅಂತ ಬರೀರಿ." ನಾನು ಹೊಡೆದುಹಾಕಿ ತಿದ್ದಿ ಬರೆದೆ.

ಮತ್ತೋಡಿಗೆ ಹೋದದ್ದು ಒಂದು ಭಾನುವಾರ. ಹಿರಿಯೂರಿಗೆ ಬಂದು ಹೊಸದುರ್ಗದ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸು. ಅಜ್ಜ ಮೈ ತೊಳೆದುಕೊಂಡು, ಒಗೆದ ಪಂಚೆ ಉಟ್ಟು, ಕ್ಷೌರ ಮಾಡಿಸಿಕೊಂಡು ಬಂದಿದ್ದ. ಊರಾಚೆಯ ಹಟ್ಟಿಯಲ್ಲಿ ಆಕೆ ತಮ್ಮನ ಮನೆಯಲ್ಲಿದ್ದಳು. ಐವತ್ತು ದಾಟಿದ ಹೆಂಗಸು, ಮಕ್ಕಳಿಲ್ಲ. ಜಗಲಿಯಲ್ಲಿ ಕೂತು ಉಣ್ಣೆ ನೂಲುತ್ತಿದ್ದಳು. "ಬರ್ರಿ, ಕುಂತ್ಕಳ್ರಿ ಮೇಷ್ಟ್ರೇ. ಬಾರಣ್ಣ" ಅಂದು ಚಾಪೆ ಹಾಕಿದಳು. ಗಂಡನ ವಿಷಯ ಬರೆದು ತಂದಿದ್ದೇವೆ ಅಂದಾಗ ಮುಖದಲ್ಲಿ ಏನೂ ತೋರಿಸದೆ "ಓದ್ರಿ" ಅಂದು ನೂಲುತ್ತಲೇ ಕೂತಳು.

ಓದಿದೆ. ಏರಿ ಎಲ್ಲೈತೆ ಅನ್ನುವಲ್ಲಿ ಆಕೆ ನಕ್ಕಳು. ಚೊಂಬಿನ ನೀರಿನ ವಿಷಯ ಬಂದಾಗ ಸೆರಗು ಕಣ್ಣಿಗೆ ಒತ್ತಿಕೊಂಡಳು. ನಾನು ಚೆನ್ನಾಗಿ ಓದುತ್ತಿದ್ದೆ. ನನ್ನ ದನಿ ನನಗೇ ಹಿಡಿಸಿತ್ತು. ಗಾಳಿಯ ಪುಟ ಬಂತು. ತಲೆ ಎತ್ತಿ ಆಕೆಯ ಮುಖ ನೋಡಿದೆ, ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದ ಅಜ್ಜನ ಬೋಳುತಲೆ ನೋಡಿದೆ. ಈ ಮುದುಕ ಈ ವಯಸ್ಸಿನಲ್ಲಿ ಉಗಿಸಿಕೊಂಡು ಹೋಗುವುದನ್ನು ನಾನ್ಯಾಕೆ ನೋಡಬೇಕು ಅನ್ನಿಸಿತು. ದೊಡ್ಡ ಕರುಣಾಳು ನಾನು. ಪುಸ್ತಕದಲ್ಲಿ ಒಂದಿತ್ತು, ಬಾಯಲ್ಲಿ ಇನ್ನೊಂದು ಬಂತು: ಗಾಳಿಯ ಹೊಡೆತಕ್ಕೆ ಟಗರಿನ ಹಗ್ಗ ಹರಿದುಹೋಯಿತು, ಇವರು ಓಡಿ ಹೋಗಿ ನಿಮ್ಮ ಯಜಮಾನರ ಕೈ ಹಿಡಿದೂ ಹಿಡಿದರು, ಅಲೆ ಕಿತ್ತುಕೊಂಡಿತು.

ಅಜ್ಜ ತಲೆ ಎತ್ತಿದ. ಆಕೆಯ ಕೈಯಲ್ಲಿ ಕದಿರು ನಿಂತಿತು.

"ಹಗ್ಗ ಹರೀತಾ?" ಅಂದಳು. "ಗಾಳಿ ಎದ್ ಮ್ಯಾಲೂ ಕಟ್ಟೇ ಇದ್ರಾ?"

"ಹೌದಮ್ಮ, ಗಟ್ಟಿಯಾಗೇ ಕಟ್ಟಿದ್ದರು" ಎಂದೆ ನಾನು, ಅಜ್ಜನ ಪರವಾಗಿ ವಕಾಲತ್ತು ವಹಿಸಿದವನ ಹಾಗೆ. "ಆದರೂ ಗಾಳಿ ಅಷ್ಟು ಜೋರಿತ್ತು."

ಆಕೆ ಅಜ್ಜನ ಕಡೆ ತಿರುಗಿದಳು. "ಹೌದೇನಣ್ಣ?"

ಅಜ್ಜ ನನ್ನನ್ನು ನೋಡಿದ. ಇಲ್ಲ ಅಂದರೆ ಪುಸ್ತಕ ಹಿಡಿದು ಕೂತ ಮೇಷ್ಟ್ರು ಆಕೆಯ ಮುಂದೆ ಸುಳ್ಳನಾಗಬೇಕಿತ್ತು. "ಮೇಷ್ಟ್ರು ಓದಿದ್ರಲ್ಲ ತಾಯಿ" ಅಂದ.

"ಆತು ಬಿಡು" ಅಂದು ಆಕೆ ಎದ್ದಳು. ಊಟಕ್ಕಿಟ್ಟಳು. ನನಗೆ ಬೇಡ ಬೇಡ ಅಂದರೂ ತುಪ್ಪ ಹಾಕಿದಳು. ಅಜ್ಜನ ತಟ್ಟೆಗೆ ಮುದ್ದೆ ಇಟ್ಟು ಅವನ ಮುಖ ನೋಡದೆ ಒಳಗೆ ಹೋದಳು. ದುಃಖ ಉಕ್ಕಿ ಬಂದಿರಬೇಕು ಅಂದುಕೊಂಡೆ. ಹೊರಡುವಾಗ ನನಗೆ ಕೈ ಮುಗಿದಳು, ಅವನಿಗೆ ಏನೂ ಅನ್ನಲಿಲ್ಲ.

ಬಸ್ಸಿನಲ್ಲಿ ಹೊಸದುರ್ಗ ದಾಟಿದ ಮೇಲೆ ಅಜ್ಜ ನನ್ನ ಕಡೆ ತಿರುಗಿದ. "ಹಗ್ಗ ಹರೀಲಿಲ್ಲ ಮೇಷ್ಟ್ರೇ."

"ಗೊತ್ತು ಅಜ್ಜ. ನಿನ್ನ ಉಳಿಸೋಕೇ ಹಾಗೆ ಓದಿದ್ದು. ಆಯಮ್ಮ ಒಂದು ಮಾತಾದರೂ ಬೈದಳಾ?"

"ಬೈಸ್ಕಳಾಕೇ ಅಲ್ವೇನ್ರಿ ನಾನ್ ಹೋಗಿದ್ದು?" ಅಂದು ಕಿಟಕಿಯ ಕಡೆ ತಿರುಗಿದ. ಹಿರಿಯೂರು ಹತ್ತಿರವಾದಾಗ, ನನಗೆ ಹೇಳಿದನೋ ತನಗೇ ಹೇಳಿಕೊಂಡನೋ, "ನಾನ್ ಬಿಚ್ಚಿದ್ದೆ" ಅಂದ. ಹಗ್ಗದ ಕೆಲಸ ಕಲಿತವನಿಗೆ ತನ್ನ ಹಗ್ಗ ಹರಿಯಿತು ಅಂದರೆ ಅವಮಾನವಾಗಿರಬೇಕು ಅಂತ ನಾನು ಅರ್ಥ ಮಾಡಿಕೊಂಡೆ. ನನ್ನ ಬುದ್ಧಿ ಅಷ್ಟೇ ಓಡಿದ್ದು.

ಇಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ನಿಲ್ಲಿಸಲಿಲ್ಲ. ಜಗಲಿಯಲ್ಲಿ ಓದಿದ್ದನ್ನೇ ಅಂದಗೊಳಿಸಿ ದುರ್ಗದ ಆ ವಾರಪತ್ರಿಕೆಗೆ ಕಳಿಸಿದೆ. ಒಂದು ಇಡೀ ಪುಟ ಹಾಕಿದರು. ಅದರಲ್ಲಿ ಹಗ್ಗ ಹರಿಯಿತು, ಗೆಳೆಯನ ಕೈ ಹಿಡಿದ ವೀರ ಅಲೆಯೊಡನೆ ಸೆಣಸಿದ. ಟೀ ಅಂಗಡಿಯಲ್ಲಿ ಅದನ್ನು ಗಟ್ಟಿಯಾಗಿ ಓದಿದರು. ಅಂದಿನಿಂದ ಯಾರೂ ಬಸ್ರಾಕೆ ಹೋಗಾಣ ಅನ್ನಲಿಲ್ಲ. "ಬರ್ರಿ ಅಜ್ಜ, ಕುಂತ್ಕಳ್ರಿ" ಅಂತ ಬೆಂಚು ಬಿಟ್ಟುಕೊಡತೊಡಗಿದರು. ಅಜ್ಜ ಆ ಅಂಗಡಿಗೆ ಹೋಗುವುದನ್ನೇ ಬಿಟ್ಟ. ನನ್ನ ಜೊತೆಗೂ ಕಥೆ ನಿಂತಿತು. ಭಾನುವಾರ ನಾನು ಹೋಗಿ ಗಂಟು ಬಿಚ್ಚಿದರೆ ಸುಮ್ಮನೆ ದೋಣಿ ಹತ್ತಿ ಹುಟ್ಟು ಹಾಕುತ್ತಿದ್ದ.

ಆ ವರ್ಷ ಕಂಬಳಿ ತೆಗೆದುಕೊಂಡು ಒಬ್ಬನೇ ಮತ್ತೋಡಿಗೆ ಹೋಗಿ ಬಂದ. ಬಂದವನು ಶಾಲೆಯ ಹತ್ತಿರ ಕಾದು ನಿಂತಿದ್ದ. ಕಂಬಳಿ ಕಂಕುಳಲ್ಲೇ ಇತ್ತು.

"ಹೇಳಾಕೆ ಹೋದೆ ಮೇಷ್ಟ್ರೇ. ಬಾಯಿ ಬಿಡಾದ್ರಾಗೆ, ಎಲ್ಲ ಓದ್ಯಾರಲ್ಲ, ಇನ್ನೇನೈತೆ ಹೇಳಾಕೆ, ಅಂದ್ಲು. ಅಣ್ಣ ಅನ್ಲಿಲ್ಲ. ಇನ್ನೊಂದ್ಸಲ ಹೋಗಾಣ. ಸರಿಯಾಗಿ ಓದ್ರಿ."

"ಪರೀಕ್ಷೆ ಮುಗೀಲಿ ಅಜ್ಜ" ಎಂದೆ. ಪರೀಕ್ಷೆ ಮುಗಿಯಿತು. ಬೇಸಿಗೆ ರಜೆಯಲ್ಲಿ ಮತ್ತೆ ಬಂದ. "ಹೋಗಾಣ ಮೇಷ್ಟ್ರೇ?" ನನಗೆ ಹೊಳಲ್ಕೆರೆಯಲ್ಲಿ ತಂಗಿಯ ಮದುವೆಯ ಓಡಾಟ. ಅದು ನೆಪ. ಅಚ್ಚಾದ ಬರಹವನ್ನು ಸುಳ್ಳು ಅಂತ ಒಪ್ಪಿಕೊಳ್ಳಲು, ಅದೂ ಕುರಿ ಕಾಯುವ ಹೆಂಗಸೊಬ್ಬಳ ಮುಂದೆ ಒಪ್ಪಿಕೊಳ್ಳಲು, ನನಗೆ ಮನಸ್ಸಿರಲಿಲ್ಲ. ಆ ಸಂಚಿಕೆಯೂ ಟ್ರಂಕಿನಲ್ಲಿ ಬಟ್ಟೆಯ ಅಡಿ ಸೇರಿತ್ತು. ಜೂನಿನಲ್ಲಿ ನನಗೆ ಧರ್ಮಪುರಕ್ಕೆ ವರ್ಗವಾಯಿತು. ಹೊರಡುವ ದಿನ ಅಜ್ಜ ಬಸ್ಸಿನ ಹತ್ತಿರ ಬಂದು ನನ್ನ ಹಾಸಿಗೆಯ ಸುರುಳಿಗೆ ಹಗ್ಗ ಕಟ್ಟಿಕೊಟ್ಟ. ಮತ್ತೋಡಿನ ಮಾತೆತ್ತಲಿಲ್ಲ. ಧರ್ಮಪುರದಲ್ಲಿ ಆ ಗಂಟು ಬಿಚ್ಚಲು ನನಗೆ ಬಹಳ ಹೊತ್ತು ಹಿಡಿಯಿತು.

ಮುಂದಿನ ವರ್ಷ ಚಳಿಗಾಲದಲ್ಲಿ, ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಇಲಾಖೆಯ ಗುಮಾಸ್ತ ಹೇಳಿದ, ಹಡಗಜ್ಜ ಹೋಗಿ ಒಂದು ತಿಂಗಳಾಯಿತಂತೆ. ಜ್ವರ ಬಂದು ನಾಲ್ಕು ದಿನ ಮಲಗಿದ್ದನಂತೆ. "ಕೊನೇ ದಿನ ನಿಮ್ಮನ್ನ ಕೇಳ್ತಿದ್ದ ಮೇಷ್ಟ್ರೇ. ಮೇಷ್ಟ್ರು ಬಂದ್ರಾ, ಹೋಗಾಣ ಅಂದ್ರಾ ಅಂತ. ಜ್ವರದಾಗೆ ಏನೋ ಬಡಬಡಸ್ತಾವ್ನೆ ಅಂತ ನಾವು ಸುಮ್ಕಾದ್ವಿ" ಎಂದ. ನಾನು ಧರ್ಮಪುರದ ಬಸ್ಸು ಹತ್ತಲಿಲ್ಲ. ಹೊಸದುರ್ಗದ ಬಸ್ಸು ಹತ್ತಿದೆ.

ಆಕೆ ಅದೇ ಜಗಲಿಯಲ್ಲಿ ನೂಲುತ್ತಿದ್ದಳು. ಅಜ್ಜ ಸತ್ತದ್ದು ಆಕೆಗೂ ಗೊತ್ತಾಗಿತ್ತು. ನಾನು ಚಾಪೆಯ ಮೇಲೆ ಕೂರಲಿಲ್ಲ. ನಿಂತೇ ಹೇಳಿದೆ: ಅಮ್ಮ, ನಾನು ಅವತ್ತು ಸುಳ್ಳು ಓದಿದೆ. ಹಗ್ಗ ಹರಿದಿರಲಿಲ್ಲ. ಗಾಳಿ ಎದ್ದಾಗ ಅಜ್ಜನೇ ಟಗರು ಬಿಚ್ಚಿದ. ಅದು ಹಾರಿತು, ಕುರಿಗಳು ಹಾರಿದವು, ನಿಮ್ಮ ಯಜಮಾನರು ಹೋದರು. ಅಜ್ಜನೇ ಅದನ್ನು ಹೇಳು ಅಂದಿದ್ದ. ನಾನು ಹೇಳಲಿಲ್ಲ.

ಕದಿರು ನಿಂತಿತು. ಬೈಗುಳಕ್ಕೆ ನಾನು ಸಿದ್ಧನಾಗಿ ನಿಂತಿದ್ದೆ.

"ಬಿಚ್ಚಿದ್ನಾ?" ಅಂದಳು.

"ಹೌದಮ್ಮ."

"ಮತ್ತೆ ಗಾಳಿ ಎದ್ರೆ ಟಗರು ಬಿಚ್ದೇ ಇರ್ತಾರೇನ್ರಿ? ಯಾವ ಕುರುಬ ಆದ್ರೂ ಅದನ್ನೇ ಮಾಡ್ತಾನೆ. ನನ್ ಗಂಡ ಎದ್ದಿದ್ರೆ ಅವ್ನೂ ಅದನ್ನೇ ಮಾಡ್ತಿದ್ದ. ಸಮುದ್ರ ಹಂಗೆ ಮಾಡ್ತೈತೆ ಅಂತ ಇವ್ನಿಗೇನು ಕನಸು ಬಿದ್ದಿತ್ತಾ?"

ಆಕೆ ಕೈಯಲ್ಲಿದ್ದ ಉಣ್ಣೆಯನ್ನು ಕೆಳಗಿಟ್ಟಳು.

"ನಿಮ್ದು ಯಾವೂರು?"

"ಹೊಳಲ್ಕೆರೆ."

"ಮನ್ಯಾಗೆ ಕುರಿ ಇದ್ವಾ?"

"ಇಲ್ಲಮ್ಮ. ಅಂಗಡಿ."

"ಹಂಗಾದ್ರೆ ನಿಮ್ಗೆಂಗ್ ಗೊತ್ತಾಗ್ಬೇಕು" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಗಾಳಿ ಎದ್ರೂ ಟಗರು ಕಟ್ಟೇ ಬಿಟ್ಟಿದ್ದ ಅಂತ ಓದಿದ್ರಲ್ಲ, ಅವತ್ತಿಂದ ಅವ್ನ ಮುಖ ನೋಡಾಕೆ ಆಗ್ಲಿಲ್ಲ ನಂಗೆ. ಆ ವರ್ಷದ ಕಂಬಳೀನೂ ಇಸ್ಕಳ್ಳಿಲ್ಲ."